ಕಳೆ ಕೀಳುವವರಿಗೆ ಒಂದು ಮಾತು

ಎರಡು ವರ್ಷದ ಹಿಂದೆ ಆಷಾಢದಲ್ಲಿ, ಹೊಸದುರ್ಗದ ಕಡೆಯ ಒಂದು ಕಾವಲಿಗೆ ಜೆಸಿಬಿ ತಂದು ಬಳ್ಳಾರಿ ಜಾಲಿಯನ್ನೆಲ್ಲ ಬುಡಮೇಲು ಮಾಡಿದರು. ಹುಲ್ಲುಗಾವಲು ಉಳಿಸುವ ಕೆಲಸವೆಂದು ಭಾಷಣವೂ ಆಯಿತು. ಮಕ್ಕಳೊಂದಿಗೆ ಹೋಗಿದ್ದ ನಾನೂ ಚಪ್ಪಾಳೆ ತಟ್ಟಿದೆ. ಬರುವಾಗ ಆರನೇ ತರಗತಿಯ ಹುಡುಗಿಯೊಬ್ಬಳು ಕಿತ್ತ ಪೊದೆಯಡಿ ಒಡೆದು ಬಿದ್ದಿದ್ದ ಮೊಟ್ಟೆ ತೋರಿಸಿ, "ಯಾವುದರದ್ದು ಮಿಸ್?" ಎಂದಳು. ಗೌಜಲಕ್ಕಿಯದು ಎಂದೆ. ಅಷ್ಟೇ ಹೇಳಲಾದದ್ದು.

ಜಾಲಿಯ ಪರ ವಕಾಲತ್ತು ವಹಿಸಲು ನಾನು ಹೊರಟಿಲ್ಲ. 1870ರ ದಶಕದ ಕೊನೆಯಲ್ಲಿ ಕಡಪ ಸೀಮೆಗೆ ಬಂದ ಈ ಅಮೆರಿಕದ ಗಿಡ ಇಂದು ಹಿರಿಯೂರಿನ ಕೆರೆಯಂಗಳಗಳಿಗೂ ಕಾವಲುಗಳಿಗೂ ನುಗ್ಗಿದೆ. ಅದರಡಿ ಹುಲ್ಲು ಏಳುವುದಿಲ್ಲ. ಬಯಲಲ್ಲೇ ಗೂಡು ಮಾಡುವ ನೆಲಗುಬ್ಬಿಗೆ, ದೂರ ಕಂಡರೇ ಧೈರ್ಯವಿರುವ ಕೃಷ್ಣಮೃಗಕ್ಕೆ ಅದು ಶತ್ರುವೇ. ಹೋಗಲಿ. ಆದರೆ ಒಂದೇ ವಾರದಲ್ಲಿ, ಅದೂ ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿ ಹೋಗಬೇಕೇ?

ಇಷ್ಟು ಕಾಲ ನಿಂತ ಪೊದೆಗೂ ಬಿಡಾರದವರಿದ್ದಾರೆ. ಮೊಲ, ಮುಳ್ಳುಹಂದಿ, ಹಗಲು ಮಲಗುವ ತೋಳ, ಎಲ್ಲಕ್ಕೂ ಆ ಮುಳ್ಳೇ ಮರೆ. ಗುಜರಾತಿನ ವೇಳಾವದರದಲ್ಲಿ ಕೃಷ್ಣಮೃಗಗಳು ಇದರ ಸಿಹಿ ಕಾಯಿಯನ್ನೇ ತಿನ್ನುತ್ತವೆ. ಅವುಗಳ ಹಿಕ್ಕೆಯಲ್ಲೇ ಬೀಜವೂ ಹರಡುತ್ತದೆ. ಇಷ್ಟು ಸಿಕ್ಕು ಬಿದ್ದ ನೂಲನ್ನು ಯಂತ್ರದಿಂದ ಎಳೆದರೆ ಬಿಡಿಸಿದಂತಾಯಿತೇ? ಉಳಿದ ಬುಡದಿಂದ ನಾಲ್ಕು ಕವಲು ಏಳುತ್ತವೆ, ಕೆದಕಿದ ನೆಲಕ್ಕೆ ಕಾಂಗ್ರೆಸ್ ಹುಲ್ಲು ಬಂದು ಕೂರುತ್ತದೆ. ಹೋದ ವರ್ಷ ಆ ಕಾವಲಿನಲ್ಲಿ ನಾನು ಕಂಡದ್ದೂ ಇದನ್ನೇ.

ಹೊಳಲ್ಕೆರೆ ಹತ್ತಿರದ ನನ್ನ ತವರಿನಲ್ಲಿ ರಾಗಿ ಹೊಲದ ಕಳೆ ತೆಗೆಯುವ ಹೆಂಗಸರನ್ನು ನೋಡಿ. ಕೂತು, ಕೈಯಲ್ಲಿ ಹಿಡಿದು, ನೋಡಿ ಕೀಳುತ್ತಾರೆ. ಅಣ್ಣೆಸೊಪ್ಪು ಸಿಕ್ಕರೆ ಮಡಿಲಿಗೆ, ಸಂಜೆಯ ಸಾರಿಗೆ. ಕಾವಲಿಗೂ ಇವರನ್ನೇ ಕರೆಯಿರಿ. ಮರಿಗಳು ಹಾರಿದ ಮೇಲೆ ಒಂದು ಪಟ್ಟಿ ಬೇರುಸಹಿತ ತೆಗೆಯಲಿ. ಪಕ್ಕದ್ದು ಅಲ್ಲಲ್ಲಿ ಕಾರೆ, ಬೋರೆ ಮೇಲೇಳುವ ತನಕ ಇರಲಿ. ಕೂಲಿಯೂ ಸೌದೆಯೂ ಅವರ ಮನೆಗೆ ಹೋಗಲಿ. ತಡವಾಗುತ್ತದೆ, ಖರ್ಚು ಹೆಚ್ಚು ಎನ್ನುತ್ತೀರಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಹತ್ತು ಸಾವಿರ ಎಕರೆಯಷ್ಟನ್ನು ದೊಡ್ಡ ಸಂಸ್ಥೆಗಳಿಗೆ ಹಂಚುವಾಗ ಹುಲ್ಲಿನ ಮೇಲೆ ಈ ಅವಸರದ ಅಕ್ಕರೆ ಎಲ್ಲಿತ್ತು? (ನನ್ನ ತಪ್ಪೂ ಇದೆ. ಪಾಳು ನೆಲವೆಂದು ವನಮಹೋತ್ಸವಕ್ಕೆ ಅಂಥ ಬಯಲಿನಲ್ಲೇ ಮಕ್ಕಳಿಂದ ಸಸಿ ನೆಡಿಸಿದವಳು ನಾನು.)

ಈ ಆಷಾಢಕ್ಕೂ ಮಕ್ಕಳನ್ನು ಕಳಿಸಿ ಎಂದು ಪತ್ರ ಬಂದಿದೆ. ಕಾರ್ತಿಕ ಕಳೆಯಲಿ, ಕುಡುಗೋಲು ಹಿಡಿದು ನಾನೇ ಬರುತ್ತೇನೆಂದು ಬರೆದಿದ್ದೇನೆ.