ಪುಕ್ಕಟೆ ಸಲಹೆಯ ಬೆಲೆ



ತಿಂಗಳಿಗೆ ಇಷ್ಟೆಂದು ಮ್ಯೂಚುಯಲ್ ಫಂಡಿಗೆ ಕಟ್ಟಿರೆಂದು ಏಜೆಂಟರು ಗಿರಣಿಯ ಬಾಗಿಲಿಗೂ ಅಂಗಡಿಯ ಕಟ್ಟೆಗೂ ಬರುತ್ತಿದ್ದಾರೆ. "ನಮ್ಮ ಸಲಹೆ ಪುಕ್ಕಟೆ" ಎನ್ನುತ್ತಾರೆ. ಇದು ಶುದ್ಧ ಸುಳ್ಳು.

ಒಂದೇ ಫಂಡಿಗೆ ಎರಡು ಬಾಗಿಲುಗಳಿವೆ: ರೆಗ್ಯುಲರ್, ಡೈರೆಕ್ಟ್. ಒಳಗಿರುವ ಷೇರುಗಳು ಅವೇ, ನಡೆಸುವವರೂ ಅವರೇ. ಆದರೆ ರೆಗ್ಯುಲರ್ ಬಾಗಿಲಿನಲ್ಲಿ ಹೋದವರ ಗಂಟಿನಿಂದ ದಲ್ಲಾಳಿಯ ಕಮಿಷನ್ ವರ್ಷವರ್ಷವೂ ಸದ್ದಿಲ್ಲದೆ ಸೋರುತ್ತದೆ. ಡೈರೆಕ್ಟ್ ಬಾಗಿಲನ್ನು ಸೆಬಿಯು 2013ರ ಜನವರಿ 1ರಿಂದಲೇ ತೆರೆಸಿದೆ. ಅದನ್ನು ನಿಮಗೆ ಹೇಳಿದ ಏಜೆಂಟರೆಷ್ಟು ಮಂದಿ?

ನೂರಕ್ಕೆ ಒಂದು ರೂಪಾಯಿ ತಾನೇ ಎನ್ನಬೇಡಿ. ಲೆಕ್ಕ ಹಾಕಿ. ತಿಂಗಳಿಗೆ 1,000 ರೂಪಾಯಿಯಂತೆ 20 ವರ್ಷಕ್ಕೆ ನೀವು ಕಟ್ಟುವುದು 2,40,000. ವರ್ಷಕ್ಕೆ ಶೇಕಡ 12ರಂತೆ ಬೆಳೆದರೆ ಸುಮಾರು 9,89,000. 11ರಂತೆ ಬೆಳೆದರೆ ಸುಮಾರು 8,66,000. ಕೈಬಿಟ್ಟು ಹೋದದ್ದು 1,23,000. ನೀವು ಬೆವರು ಸುರಿಸಿ ಕಟ್ಟಿದ ಹಣದ ಅರ್ಧಕ್ಕೂ ಮಿಗಿಲು!

ಈ 12ಕ್ಕಾಗಲಿ 11ಕ್ಕಾಗಲಿ ಯಾರ ಜಾಮೀನೂ ಇಲ್ಲ. ಪೇಟೆ ಬಿದ್ದ ವರ್ಷ ನಷ್ಟ ನಿಮ್ಮದು. ಆ ವರ್ಷವೂ ಕಮಿಷನ್ ಅವರದು. ಇದಾವ ನ್ಯಾಯ?

ಮಕ್ಕಳ ಫೀಜು, ಮನೆಬಾಡಿಗೆ, ಅಂಗಡಿಯ ಸರಕಿನ ಹಣವನ್ನು ಅಲ್ಲಿಗೆ ಒಯ್ಯಬೇಡಿ. ಮಿಕ್ಕಿದ್ದನ್ನು ಹಾಕುವುದಾದರೆ ಅರ್ಜಿಯಲ್ಲಿ 'ಡೈರೆಕ್ಟ್' ಎಂದಿದೆಯೇ ನೋಡಿ. ಕಳೆದ ವರ್ಷ ಯಾವುದು ಮೇಲೇರಿತೆಂದು ಕೇಳುವ ಮುನ್ನ ವರ್ಷದ ಖರ್ಚು ನೂರಕ್ಕೆಷ್ಟೆಂದು ಕೇಳಿ. ಉತ್ತರ ಬಾರದಿದ್ದರೆ ಸಹಿ ಹಾಕಬೇಡಿ. ಓದಬಲ್ಲ ಸಂಗಾತಿ ಓದಲಾರದವನಿಗೆ ಓದಿ ಹೇಳಲಿ. ಕೂಲಿಯ ಕಾಸಿಗಾಗಿ ಹೋರಾಡಿದವರು ಉಳಿತಾಯದ ಕಾಸನ್ನೇಕೆ ಬಿಟ್ಟುಕೊಡಬೇಕು?