ಪರೀಕ್ಷೆಗೆ ಮೂವತ್ತು ದಿನ

ಪರೀಕ್ಷೆಯ ತಾರೀಖುಗಳು ಪ್ರಕಟವಾದ ಸಂಜೆ ಕಾನೂನು ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಯು ಮೊದಲು ಹುಡುಕುವುದು ಪುಸ್ತಕವನ್ನಲ್ಲ, ಅಳತೆಪಟ್ಟಿಯನ್ನು. ಕೆಂಪು ನೀಲಿ ಶಾಯಿಗಳಲ್ಲಿ ಗೆರೆಯೆಳೆದು ಆತನು ಲೆಕ್ಕ ಹಾಕುತ್ತಾನೆ: ಐದು ಪತ್ರಿಕೆ, ಮೂವತ್ತು ದಿನ, ಪತ್ರಿಕೆಗೆ ಆರು ದಿನ! ಲೆಕ್ಕ ಸರಿ, ಯೋಜನೆ ಮಾತ್ರ ತಪ್ಪು.

ಎಲ್ಲ ಪತ್ರಿಕೆಗಳ ಭಾರವೂ ಒಂದೇ ಅಲ್ಲವಷ್ಟೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೊಂದರಲ್ಲೇ 158 ಕಲಮುಗಳು; ಅವುಗಳ ಬೆನ್ನಿಗೆ 51 ಆದೇಶಗಳ ಅನುಸೂಚಿ. ತರಗತಿಯಲ್ಲಿ ಮನವಿಟ್ಟು ಕೇಳಿದ ವಿಷಯಕ್ಕೂ ಇದಕ್ಕೂ ಸಮಪಾಲು ಹಂಚುವುದು ಆನೆಗೂ ಆಡಿಗೂ ಒಂದೇ ಹಿಡಿ ಹುಲ್ಲು ಹಾಕಿದಂತೆ. ಆದುದರಿಂದ ಮೊದಲ ದಿನವನ್ನು ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳಿಗೆ ಮೀಸಲಿಟ್ಟು, ಪ್ರತಿಯೊಂದು ಅಧ್ಯಾಯದ ಮುಂದೆಯೂ ‘ಬಲ್ಲೆ’, ‘ಅರೆಬರೆ’, ‘ಅರಿಯೆ’ ಎಂದು ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳುವುದು ಲೇಸು. ಮುಂದಿನ ಹದಿನೈದು ದಿನ ಓದು. ಅದರಲ್ಲಿ ಸಿಂಹಪಾಲು ‘ಅರಿಯೆ’ಗೆ. ಬಳಿಕ ಎಂಟು ದಿನ ಬರವಣಿಗೆ, ನಾಲ್ಕು ದಿನ ಪುನರಾವರ್ತನೆ. ಉಳಿದೆರಡು ದಿನ ಖಾಲಿಯಿರಲಿ. ಜ್ವರವಾಗಲಿ, ಮನೆಯ ಮದುವೆಯಾಗಲಿ ಪರೀಕ್ಷೆಯ ತಾರೀಖು ನೋಡಿಕೊಂಡು ಬರುವುದಿಲ್ಲ.

ಬರವಣಿಗೆಗೆ ಎಂಟು ದಿನವೇ ಎಂದು ಹುಬ್ಬೇರಿಸುವವರುಂಟು. ಓದಿದಾಗ ತಿಳಿದಂತೆ ತೋರಿದ್ದು ಲೇಖನಿ ಹಿಡಿದಾಗ ಕೈಕೊಡುವುದೆಂಬುದನ್ನು ಅವರು ಮರೆಯುತ್ತಾರೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಮೂರು ಗಂಟೆ ಬರೆದವನಿಗೆ ಮಾತ್ರ ತನ್ನ ಕೈಯ ವೇಗ ಗೊತ್ತು. ತೀರ್ಪುಗಳನ್ನೂ ಬರೆದೇ ನೆನಪಿಡಬೇಕು. 1973ರ ಕೇಶವಾನಂದ ಭಾರತಿ ಪ್ರಕರಣವನ್ನು ಹದಿಮೂವರು ನ್ಯಾಯಮೂರ್ತಿಗಳು ಕೇಳಿ, ಏಳಕ್ಕೆ ಆರರ ಬಹುಮತದಿಂದ ನಿರ್ಣಯಿಸಿದರು. ಆ ಬೃಹತ್ ತೀರ್ಪು ಕೂಡ ಸಂಗತಿ, ಪ್ರಶ್ನೆ, ನಿರ್ಣಯ, ಕಾರಣ ಎಂಬ ನಾಲ್ಕು ಸಾಲುಗಳಾಗಿ ಅಂಗೈಯಗಲದ ಚೀಟಿಯಲ್ಲಿ ಅಡಗಬಲ್ಲದು.

ಅಪರಾಧ ಕಾನೂನಿನ ಪತ್ರಿಕೆಯಿರುವವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅಣ್ಣನೋ ಹಿರಿಯ ಗೆಳೆಯನೋ ಕೊಟ್ಟ ಟಿಪ್ಪಣಿಗಳು ಎಷ್ಟೇ ಮುತ್ತಿನಂತಿರಲಿ, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. 1860ರ ದಂಡ ಸಂಹಿತೆಯ 511 ಕಲಮುಗಳ ಸ್ಥಾನದಲ್ಲಿ ಈಗ 358. ಕೊಲೆಯ ಶಿಕ್ಷೆಗೆ ‘302’ ಎಂದು ಬರೆದು ಬಂದವನು, ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಧಾರ್ಮಿಕ ಭಾವನೆಯನ್ನು ನೋಯಿಸುವ ಮಾತಿಗೆ ಸಂಬಂಧಿಸಿದ್ದೆಂದು ತಿಳಿದಾಗ ಪರಿತಪಿಸಬೇಕಾದೀತು. ಕೊಲೆಯ ಶಿಕ್ಷೆ ಈಗ 103ರಲ್ಲಿದೆ. ಹಾಗೆಂದು ಹಳೆಯದನ್ನು ಅಟ್ಟಕ್ಕೆಸೆಯುವಂತೆಯೂ ಇಲ್ಲ. ಆ ದಿನಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಎರಡರ ಕಲಮುಗಳನ್ನೂ ಎದುರುಬದುರಾಗಿ ಬರೆದ ಒಂದು ಪಟ್ಟಿಗೆ ಅರ್ಧ ದಿನ ವ್ಯಯವಾದರೆ ಅದು ನಷ್ಟವಲ್ಲ.

ಇಷ್ಟೆಲ್ಲ ಕಟ್ಟುಪಾಡು ಅಂಕಗಳಿಗಾಗಿ ಮಾತ್ರವೆ? ಅಲ್ಲ. ಗಡುವು ಮೀರಿದ ದಾವೆಯನ್ನು, ಎದುರಾಳಿಯು ಆಕ್ಷೇಪಿಸದಿದ್ದರೂ, ನ್ಯಾಯಾಲಯವು ವಜಾ ಮಾಡತಕ್ಕದ್ದೆಂದು 1963ರ ಕಾಲಪರಿಮಿತಿ ಕಾಯಿದೆಯ 3ನೆಯ ಕಲಮು ವಿಧಿಸುತ್ತದೆ. ವಕೀಲನು ದಿನ ತಪ್ಪಿದರೆ ಹೊಲ ಕಳೆದುಕೊಳ್ಳುವವನು ಕಕ್ಷಿದಾರ. ಪರೀಕ್ಷೆಯಲ್ಲಾದರೋ ತಪ್ಪಿದವನ ಗಂಟು ಮಾತ್ರ ಹೋಗುತ್ತದೆ. ಕಾಲವನ್ನು ಲೆಕ್ಕವಿಟ್ಟು ಬಳಸುವ ವಿದ್ಯೆಯನ್ನು ಇಷ್ಟು ಅಗ್ಗದ ಬೆಲೆಗೆ ಕಲಿಯುವ ಅವಕಾಶ ಕರಿಯ ಕೋಟು ತೊಟ್ಟ ಮೇಲೆ ದೊರೆಯದು.