ಹಸುರೆಲ್ಲ ಕಾಡಲ್ಲ

ಬೆಳ್ತಂಗಡಿ ತಾಲೂಕಿನಲ್ಲಿ ಅಡಕೆಯ ತೋಟಗಳೂ ರಬ್ಬರಿನ ತೋಟಗಳೂ ಹಬ್ಬಿರುವುದನ್ನು ಕಂಡು, ‘ಕಾಡು ಹೋದರೇನಾಯಿತು, ಹಸುರು ಉಳಿದಿದೆಯಷ್ಟೆ!’ ಎಂದು ವಾದಿಸುವ ಮಹನೀಯರು ಕಡಮೆಯಿಲ್ಲ. ಮಳೆಗಾಲದ ರಾತ್ರಿ ತೋಟದ ಕಣಿಯಲ್ಲಿ ವಟಗುಟ್ಟುವ ಕಪ್ಪೆಗಳನ್ನೇ ಅವರು ಸಾಕ್ಷಿಗೆ ಕರೆಯುವರು. ಆ ಸಾಕ್ಷಿಯನ್ನು ತುಸು ಪರೀಕ್ಷಿಸುವುದು ಉಚಿತ.

ಕಪ್ಪೆಗಳ ಗದ್ದಲ ಬೇರೆ, ಅವುಗಳ ಜಾತಿವೈವಿಧ್ಯ ಬೇರೆ. ಕಣಿಯಲ್ಲಿ ಕೂಗುವವು ಎಲ್ಲಿಯಾದರೂ ಬಾಳಬಲ್ಲ ಕೆಲವೇ ಸಾಮಾನ್ಯ ಜಾತಿಯವು. ಪಶ್ಚಿಮಘಟ್ಟದ ಪೊದೆಗಪ್ಪೆಗಳಿಗಾದರೋ ಗೊದಮೊಟ್ಟೆಯ ದಶೆಯೇ ಇಲ್ಲ. ಒದ್ದೆಯಾದ ತರಗೆಲೆಯ ನಡುವೆಯೋ ಪೊದೆಯ ಎಲೆಯ ಮೇಲೆಯೋ ಇಟ್ಟ ಮೊಟ್ಟೆಯಿಂದ ಮರಿಗಪ್ಪೆಯೇ ನೇರವಾಗಿ ಹೊರಬರುವುದು. ಆ ತೇವವು ಆರಿದರೆ ಸಂತತಿಯೇ ನಷ್ಟ. ಪೊದೆಯಿಲ್ಲದ ತೋಟದ ನೆಲದಲ್ಲಿ ಅವುಗಳಿಗೆ ನೆಲೆಯೆಲ್ಲಿ? ನೀರನ್ನೇ ನಂಬಿದ ಕಪ್ಪೆಗಳಿಗೂ ಅಲ್ಲಿ ಕ್ಷೇಮವಿಲ್ಲ. ಅವು ಮೊಟ್ಟೆಯಿಡುವ ಮಳೆಗಾಲದ ಆರಂಭದಲ್ಲಿಯೇ ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣವನ್ನು ಸಿಂಪಡಿಸುವರು; ಅದರಲ್ಲಿರುವ ಮೈಲುತುತ್ತದ ತಾಮ್ರವು ಗೊದಮೊಟ್ಟೆಗಳಿಗೆ ವಿಷ.

ಎಣ್ಣೆತಾಳೆಯ ತೋಟಗಳು ಹಬ್ಬಿದ ಬೋರ್ನಿಯೋ ದ್ವೀಪದಲ್ಲಿ ಕಂಡುದೂ ಇದನ್ನೇ. ತೋಟದಲ್ಲಿ ಸಾಮಾನ್ಯ ಜಾತಿಗಳು ಉಳಿದುವು, ಕಾಡಿನವು ಅಳಿದುವು. ನಡುನಡುವೆ ಉಳಿದ ಕಾಡಿನ ತುಂಡುಗಳೇ ಅವುಗಳಿಗೆ ಆಶ್ರಯವಾದುವು. ಬೆಳ್ತಂಗಡಿಯಲ್ಲಿ ಅಂಥ ತುಂಡುಗಳಾವುವು? ಸೊಪ್ಪಿಗಾಗಿ ತೋಟದ ಅಂಚಿನಲ್ಲಿ ಉಳಿದ ಕುಮ್ಕಿ ಒಂದು. ಭಯಭಕ್ತಿಗಳಿಂದ ಉಳಿದ ನಾಗಬನ ಇನ್ನೊಂದು. ಈಗ ಕುಮ್ಕಿಯನ್ನು ಸವರಿ ರಬ್ಬರು ನೆಡುವುದುಂಟು. ಬನದ ಮರಗಳನ್ನು ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ, ಸುತ್ತಲೂ ಗೋಡೆ ಕಟ್ಟುವುದುಂಟು. ಇದಕ್ಕೆ ಜೀರ್ಣೋದ್ಧಾರವೆಂದು ಹೆಸರು!

‘ಇಷ್ಟು ಚಿಕ್ಕ ಬನದಲ್ಲಿ ಏನಿದ್ದೀತು?’ ಎಂಬರು. ಮಂಗಳೂರಿನ ಬಳಿಯ ಅಡ್ಯಾರಿನ ಕಪ್ಪೆಯೊಂದು ಹೊಸ ಜಾತಿಯೆಂದು ಹೆಸರು ಪಡೆದುದು 2009ರಲ್ಲಿ. ಮಣಿಪಾಲದ ಮುರಕಲ್ಲಿನ ನೆಲದ ಪುಟ್ಟ ಕಪ್ಪೆ, 2016ರಲ್ಲಿ. ಪಟ್ಟಣಗಳ ಮಗ್ಗುಲಲ್ಲಿಯೇ ಎಣಿಕೆ ಮುಗಿಯದಿರುವಾಗ, ಘಟ್ಟದ ಬುಡದ ಬನಗಳಲ್ಲಿ ಏನೂ ಇಲ್ಲವೆಂದು ತೀರ್ಪು ಕೊಟ್ಟವರಾರು? ಓದದ ಗ್ರಂಥವನ್ನು ಸುಡುವುದು ಪಾಂಡಿತ್ಯವಲ್ಲ.

ಬೆಳೆಗಾರನಿಗೂ ಹೊಟ್ಟೆಯಿದೆ, ತೋಟವನ್ನು ಕಡಿಯಬೇಕೆಂದು ಯಾರೂ ಹೇಳುವುದಿಲ್ಲ. ಬೇಕಾದುದಿಷ್ಟೆ: ಬನದ ಪೊದೆಯನ್ನು ಸವರಬಾರದು, ತರಗೆಲೆಯನ್ನು ಗುಡಿಸಬಾರದು, ನೆಲಕ್ಕೆ ಸಿಮೆಂಟು ತಾಗಬಾರದು; ಕುಮ್ಕಿಯ ಕಾಡೂ ತೋಡಿನ ದಡದ ಮರಗಳೂ ಉಳಿಯಬೇಕು. ಇದಕ್ಕೆ ಹಣವೂ ಬೇಡ, ಸರಕಾರದ ಅಪ್ಪಣೆಯೂ ಬೇಡ. ಮನೆಯ ಯಜಮಾನನ ಒಂದು ಮಾತು ಸಾಕು. ಕಪ್ಪೆ ಹಾವಿನ ಆಹಾರವೆಂಬುದು ಮಕ್ಕಳಿಗೂ ಗೊತ್ತು. ನಾಗನಿಗೆ ತನು ಎರೆಯುವ ಕೈಯೇ ನಾಗನ ಅನ್ನವನ್ನು ಕಸಿಯುವುದಾದರೆ, ಆ ಪೂಜೆ ಯಾರಿಗೆ ಸಲ್ಲುವುದು?